ಫ್ಲೂಟಿಂಗ್ ಪ್ಲೇಯರ್: ಎರಡು ರೆಕ್ಕೆ ಮುಗಿದ ಮೇಲೆ ನನ್ನ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲೇ ಲೋಹದ ವಿಮಾನ ಕಟ್ಟಲು ಹೊರಟಿದ್ದರೆ ಫ್ಲೂಟಿಂಗ್ ಪ್ಲೇಯರ್ (ತಗಡಿನ ಅಂಚಿಗೆ ಸಣ್ಣ ನೆರಿಗೆ ಹಾಕುವ ಇಕ್ಕಳ) ತಗೊಳ್ಳಿ, ಒಳ್ಳೆಯದನ್ನೇ ತಗೊಳ್ಳಿ. ಅದರ ಜೊತೆಗೆ ತಗೊಳ್ಳಿ ಅಂತ ಎಲ್ಲರೂ ಹೇಳುವ, ತಗಡಿನ ಅಂಚು ಮಡಿಚುವ ಹ್ಯಾಂಡ್ ಸೀಮರ್ ಬಗ್ಗೆ ನನಗೆ ಅಷ್ಟು ಒಲವಿಲ್ಲ.

ನಾನು ಇವೆರಡನ್ನೂ ಬಳಸಿದ್ದು ಓಹಾಯೋದ ನಮ್ಮ ಮನೆಯ ಗ್ಯಾರೇಜಿನಲ್ಲಿ, ವ್ಯಾನ್ಸ್ ಕಂಪನಿಯ ಆರ್‌ವಿ-7 ಕಿಟ್‌ಗೆ. ಬಿಡಿಭಾಗ ತರಿಸಿ ನಾವೇ ಜೋಡಿಸಿಕೊಳ್ಳುವ, ಇಬ್ಬರು ಪಕ್ಕಪಕ್ಕ ಕೂರುವ ಪುಟ್ಟ ವಿಮಾನ ಅದು. ಎರಡೂ ರೆಕ್ಕೆ ಸೇರಿ ಐವತ್ತರ ಆಸುಪಾಸು ರಿಬ್ಬುಗಳಿವೆ. ಊರಿಂದ ಬಂದಿದ್ದ ನಮ್ಮ ಭಾವ ಆ ರಾಶಿ ನೋಡಿ, "ಕಿಟ್ ಅಂದಮೇಲೆ ಇವು ಅಲ್ಲೇ ಮಡಿಚಿಕೊಂಡು ಬಂದಿವೆ ಅಲ್ವಾ? ನಿನಗೇನು ಕೆಲಸ?" ಅಂದರು. ಕೇಳಬೇಕಾದ ಪ್ರಶ್ನೆಯೇ.

ರಿಬ್ಬು ಅಂದರೆ ರೆಕ್ಕೆಯ ಅಡ್ಡಸೀಳಿನ ಆಕಾರದ ತಗಡು. ನಡುವಿನ ಚಪ್ಪಟೆ ಭಾಗ ವೆಬ್. ಅದರ ಅಂಚನ್ನು ಸುತ್ತಲೂ ಮಡಿಚಿದರೆ ಫ್ಲೇಂಜ್. ರೆಕ್ಕೆಯ ಹೊದಿಕೆ ಈ ಫ್ಲೇಂಜ್ ಮೇಲೆ ಕೂತು ರಿವೆಟ್ (ತಗಡುಗಳನ್ನು ಸೇರಿಸಿ ಬಿಗಿಯುವ ಲೋಹದ ಮೊಳೆ) ಆಗುತ್ತದೆ. ತೊಂದರೆ ಶುರುವಾಗುವುದೂ ಇಲ್ಲೇ. ಉಬ್ಬಿದ ಅಂಚನ್ನು ಮಡಿಚಿದಾಗ ಹೊರಗಿನ ಉದ್ದದ ಅಂಚು ಒಳಗಿನ ಚಿಕ್ಕ ಅಳತೆಗೆ ಕುಗ್ಗಬೇಕು. ತಗಡು ಪೂರ್ತಿ ಕುಗ್ಗುವುದಿಲ್ಲ. ಮಿಕ್ಕಿದ ಉದ್ದ ಇಡೀ ರಿಬ್ಬನ್ನೇ ಬಗ್ಗಿಸುತ್ತದೆ. ವೆಬ್ ಕೆಳಗೆ ಬರುವಂತೆ ಸಮ ಮೇಜಿನ ಮೇಲಿಟ್ಟು ನೋಡಿ, ನಡು ಸ್ವಲ್ಪ ಎದ್ದಿರುತ್ತದೆ. ರಿವೆಟ್ ತೂತಿನ ಸಾಲೂ ನೇರ ಇರುವುದಿಲ್ಲ. ಇನ್ನೊಂದು ಕಾಟ: ಪ್ರೆಸ್ಸಿಂದ ಬಿಟ್ಟ ತಕ್ಷಣ ತಗಡು ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. 90 ಡಿಗ್ರಿ ಇರಬೇಕಾದ ಫ್ಲೇಂಜ್ ಸ್ವಲ್ಪ ಬಾಯಿ ಬಿಟ್ಟುಕೊಂಡಿರುತ್ತದೆ. ಇದು ಯಾರ ತಪ್ಪೂ ಅಲ್ಲ, ತಗಡಿನ ಗುಣ.

ಆ ಹೆಚ್ಚಿನ ಉದ್ದವನ್ನು ತಿನ್ನುವುದು ಫ್ಲೂಟಿಂಗ್ ಪ್ಲೇಯರ್ ಕೆಲಸ. ಒಂದು ದವಡೆಯಲ್ಲಿ ಎರಡು ದುಂಡನೆಯ ಬೆರಳು, ಇನ್ನೊಂದರಲ್ಲಿ ಒಂದು. ಆ ಒಂದು ಬೆರಳು ಎರಡರ ನಡುವೆ ಇಳಿಯುತ್ತದೆ. ಎರಡು ತೂತುಗಳ ಮಧ್ಯೆ ಫ್ಲೇಂಜ್ ಹಿಡಿದು ಹಿಚುಕಿದರೆ, ಸೀರೆಗೆ ನೆರಿಗೆ ಹಿಡಿದ ಹಾಗೆ, ಒಂದು ಸಣ್ಣ ಮಡಿಕೆ. ಅಂಚಿನಲ್ಲಿ ಆಳ, ಮಡಿಚಿದ ಮೂಲೆಯ ಕಡೆ ಹೋಗುತ್ತ ಮಾಯ. ಫ್ಲೇಂಜ್ ಅಷ್ಟು ಗಿಡ್ಡವಾಯಿತು, ರಿಬ್ಬು ಅಷ್ಟು ನೆಟ್ಟಗಾಯಿತು. ನೆರಿಗೆಯ ಉಬ್ಬು ಯಾವಾಗಲೂ ಒಳಗಡೆಗೆ ಬರಬೇಕು, ಹೊರಗೆ ಬಂದರೆ ಹೊದಿಕೆ ಕೂರುವುದಿಲ್ಲ. ತೂತಿನ ಮೇಲಂತೂ ಬರಲೇಬಾರದು.

ನನ್ನ ಪ್ಲೇಯರಿಗೆ ಐವತ್ತು ಡಾಲರ್ ಕೂಡ ಆಗಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಖುಷಿಯೇನೂ ಆಗಲಿಲ್ಲ. ಬೆರಳುಗಳ ತುದಿಯಲ್ಲಿ ಮೊನಚು ಹಾಗೇ ಉಳಿದಿತ್ತು. ಆ ದುಡ್ಡಿಗೆ ತಯಾರಕರು ಅಷ್ಟು ಉಜ್ಜಿ ಕಳಿಸಬಹುದಿತ್ತು. ಈ ರಿಬ್ಬುಗಳು ಅಲ್‌ಕ್ಲಾಡ್ ತಗಡಿನವು. ಒಳಗೆ ತಾಮ್ರ ಬೆರೆತ ಗಟ್ಟಿ 2024 ಮಿಶ್ರಲೋಹ, ಮೇಲೆ ಎರಡೂ ಕಡೆ ಶುದ್ಧ ಅಲ್ಯೂಮಿನಿಯಮ್ ಪದರ. ಇಷ್ಟು ತೆಳು ತಗಡಿನಲ್ಲಿ ಆ ಪದರ ಒಂದೊಂದು ಕಡೆ ದಪ್ಪದ ಸುಮಾರು 5 ಶೇಕಡಾ. ಇಡೀ ತಗಡೇ ಒಂದು ಮಿಲಿಮೀಟರಿಗಿಂತ ತೆಳು, ಅದರಲ್ಲಿ 5 ಶೇಕಡಾ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ! ಗೀರು ಬಿದ್ದು ಆ ಪದರ ಹೋದರೆ ಒಳಗಿನ ಲೋಹಕ್ಕೆ ತುಕ್ಕು ಹಿಡಿಯುವ ದಾರಿ ತೆರೆಯುತ್ತದೆ. ಜೊತೆಗೆ ಮಡಿಕೆಯಲ್ಲಿ ಬಿದ್ದ ಗೀರಿನಿಂದಲೇ ಬಿರುಕು ಶುರುವಾಗಬಹುದು. ಹಾಗಾಗಿ ಬೆರಳುಗಳನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಪಾಲಿಷ್ ಮಾಡಿ, ಆಮೇಲೆ ಕೆಲಸಕ್ಕೆ ಇಳಿಸಿದೆ. ಆ ನಂತರ ದೂರು ಇಲ್ಲ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಹಿಡಿಕೆಗಳ ನಡುವಿನ ತಡೆ ಸ್ಕ್ರೂ. ಎಷ್ಟು ಆಳಕ್ಕೆ ಒತ್ತಬೇಕು ಅಂತ ಮೊದಲೇ ಕಟ್ಟಿಡಬಹುದು. ಇದಿಲ್ಲದ ಪ್ಲೇಯರ್ ಕೂಡ ಸಿಗುತ್ತದೆ, ದಯವಿಟ್ಟು ಬೇಡ. ಯಾಕೆಂದರೆ ಈ ಕೆಲಸದಲ್ಲಿ ಜಾಸ್ತಿ ಆಗುವುದು ಬಹಳ ಸುಲಭ. ನೆರಿಗೆ ಆಳವಾದರೆ ರಿಬ್ಬು ಉಲ್ಟಾ ಬಾಗುತ್ತದೆ, ನಡುವಿನ ಬದಲು ತುದಿಗಳು ಏಳುತ್ತವೆ. ಮತ್ತೆ ಚಪ್ಪಟೆ ಮಾಡಬಹುದು ನಿಜ, ಆದರೆ 2024 ತಗಡು ಹಿಂದೆ ಮುಂದೆ ಬಗ್ಗಿಸಿದಷ್ಟೂ ಗಡುಸಾಗುತ್ತ ಕೊನೆಗೆ ಸೀಳುತ್ತದೆ. ನಾನು ಸ್ಕ್ರೂವನ್ನು ತೀರಾ ಕಡಿಮೆಗೆ ಇಟ್ಟು, ಎಲ್ಲ ತೂತುಗಳ ನಡುವೆಯೂ ಒಂದು ಸುತ್ತು ಹಗುರವಾಗಿ ಒತ್ತುತ್ತೇನೆ. ಆಮೇಲೆ ತೂತಿನ ಸಾಲಿಗೆ ಉಕ್ಕಿನ ಪಟ್ಟಿ ಹಿಡಿದು ನೋಡುತ್ತೇನೆ. ಇನ್ನೂ ಬಾಗಿದ್ದ ಕಡೆ ಮಾತ್ರ ಎರಡನೇ ಸುತ್ತು. ರೆಕ್ಕೆಯ ಮುಂದಿನ ಅಂಚಿನ, ಅಂದರೆ ಮೂಗಿನ ರಿಬ್ಬುಗಳಲ್ಲಿ ತಿರುವು ಬಿಗಿ, ಅಲ್ಲಿ ನೆರಿಗೆ ಹೆಚ್ಚು ಬೇಕಾಗುತ್ತದೆ.

"ಇಷ್ಟೆಲ್ಲ ಯಾಕೆ, ತೂತು ಹೇಗೂ ಮೊದಲೇ ಕೊರೆದಿರುತ್ತವೆ, ಕ್ಲೀಕೋ (ರಿವೆಟ್ ಹಾಕುವವರೆಗೆ ತೂತಿನಲ್ಲಿ ಹಿಡಿದಿಡುವ ಸ್ಪ್ರಿಂಗ್ ಕ್ಲಿಪ್) ಹಾಕಿದರೆ ಎಳೆದು ಕೂರಿಸುತ್ತದೆ" ಅನ್ನುವವರೂ ಇದ್ದಾರೆ. ಎಳೆಯುತ್ತದೆ, ಸರಿ. ಆದರೆ ಆ ಎಳೆತ ಎಲ್ಲಿಗೆ ಹೋಯಿತು? ಹೊದಿಕೆಯಲ್ಲೇ ಉಳಿಯಿತು. ಬಣ್ಣ ಹಚ್ಚಿ ಬಿಸಿಲಿಗೆ ನಿಲ್ಲಿಸಿದಾಗ ರೆಕ್ಕೆಯ ಮೇಲೆ ಅಲೆಯಾಗಿ ಕಾಣುತ್ತದೆ. ರಿಬ್ಬು ತಾನಾಗಿಯೇ ತೂತಿಗೆ ತೂತು ಕೂಡಬೇಕು. ನಕ್ಷೆಯಿಂದಲೇ ಕಟ್ಟುವವರಿಗೆ ಇದು ಇನ್ನೂ ಮುಖ್ಯ. ಅವರು ಫ್ಲೇಂಜ್ ನಡುವೆ ಗೆರೆ ಎಳೆದು, ಹೊದಿಕೆಯ ತೂತಿನಲ್ಲಿ ಆ ಗೆರೆ ನೋಡುತ್ತ ಕೊರೆಯುತ್ತಾರೆ. ರಿಬ್ಬು ಬಾಗಿದ್ದರೆ ತೂತು ಅಂಚಿಗೆ ಸರಿಯುತ್ತದೆ. ತೂತಿನ ನಡುವಿನಿಂದ ಅಂಚಿಗೆ ರಿವೆಟ್ ಅಡ್ಡಳತೆಯ ಎರಡರಷ್ಟಾದರೂ ಜಾಗ ಇರಬೇಕು, 2.4 ಮಿಮೀ ರಿವೆಟ್ಟಿಗೆ 4.8 ಮಿಮೀ. ಅದು ತಪ್ಪಿದರೆ ರಿಬ್ಬು ಕಸದ ಬುಟ್ಟಿಗೆ.

ಈಗ ಸೀಮರ್. ಅಗಲ ಬಾಯಿಯ ಇಕ್ಕಳ, ಫ್ಲೇಂಜನ್ನು 90 ಡಿಗ್ರಿಗೆ ತರಲು. ಆರ್‌ವಿ-7ರ ರೆಕ್ಕೆ ಬುಡದಿಂದ ತುದಿವರೆಗೆ ಒಂದೇ ಅಗಲ, ಹಾಗಾಗಿ ಮೂಲೆಮಟ್ಟ ಇಟ್ಟು ಎಲ್ಲ ಫ್ಲೇಂಜನ್ನೂ ಒಂದೇ ಕೋನಕ್ಕೆ ತರಬಹುದು. ಆದರೆ ಸೀಮರ್ ಬಾಯಿ ನೇರ, ರಿಬ್ಬಿನ ಅಂಚು ಬಾಗು. ಹಿಡಿದ ಕಡೆಯೆಲ್ಲ ಚಪ್ಪಟೆ ಚಪ್ಪಟೆ ತುಂಡಾಗಿ ಕಾಣುತ್ತದೆ. ಅದರ ಬದಲು ಗಟ್ಟಿ ಮರದ ತುಂಡಿಗೆ ಗರಗಸದಲ್ಲಿ ಒಂದು ಸೀಳು ಹಾಕಿ, ಫ್ಲೇಂಜನ್ನು ಅದರೊಳಗೆ ತೂರಿಸಿ, ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಮುಂದೆ ಹೋದರೆ ಕೆಲಸ ನಯ. ಖರ್ಚು ಸೊನ್ನೆ, ಗೀರೂ ಇಲ್ಲ. ಒಂದು ಮಾತು: ಕೋನ ಮೊದಲು ಸರಿ ಮಾಡಿ, ನೆರಿಗೆ ಆಮೇಲೆ. ಕೋನ ಬದಲಾದರೆ ಬಾಗೂ ಬದಲಾಗುತ್ತದೆ. ಸೀಮರನ್ನು ನಾನು ಈಗ ಬಳಸುವುದು ಆಳವಾದ ನೆರಿಗೆ ಚಪ್ಪಟೆ ಮಾಡಲು, ಅದೂ ಬಾಯಿಗೆ ಟೇಪ್ ಸುತ್ತಿ.

ಇಂಧನ ಟ್ಯಾಂಕಿನ ರಿಬ್ಬುಗಳಿಗೆ ಇನ್ನೂ ಹಗುರ ಕೈ ಇರಲಿ. ಪ್ರತಿ ನೆರಿಗೆಯೂ ಹೊದಿಕೆಯ ಕೆಳಗೆ ಒಂದು ಸಂದು. ಇಂಧನ ಸೋರದಂತೆ ಅದಕ್ಕೆ ಸೀಲೆಂಟ್ ತುಂಬಬೇಕು. ಆ ಅಂಟು ಕಪ್ಪು ಪದಾರ್ಥದ ಜೊತೆ ಒಂದು ವಾರಾಂತ್ಯ ಕಳೆದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಬಾಳಿಕೆ ಪರವಾಗಿಲ್ಲ. ಕೀಲು ಸಡಿಲವಾಗಿಲ್ಲ, ಬೆರಳು ಸವೆದಿಲ್ಲ. ಹಿಡಿಕೆಯ ಪ್ಲಾಸ್ಟಿಕ್ ತೋಳು ಚಳಿಗಾಲದ ಗ್ಯಾರೇಜಿನಲ್ಲಿ ಗಟ್ಟಿಯಾಗಿ ಜಾರತೊಡಗಿತು, ತೆಗೆದು ಬಟ್ಟೆ ಟೇಪ್ ಸುತ್ತಿದೆ. ಬಾಯಿ ತೆರೆಸುವ ಸ್ಪ್ರಿಂಗ್ ಮಾತ್ರ ಸೋತಿದೆ. ಒಂದೇ ವಿಮಾನಕ್ಕೆ ಇಷ್ಟು ದುಡ್ಡು ಯಾಕೆ ಅನ್ನಿಸಿದರೆ ಹತ್ತಿರದ ಇಎಎ (ಸ್ವಂತವಾಗಿ ವಿಮಾನ ಕಟ್ಟುವವರ ಸಂಘ) ಚಾಪ್ಟರಿನಲ್ಲಿ ಕೇಳಿ ನೋಡಿ, ಎಷ್ಟೋ ಕಡೆ ಎರವಲು ಸಿಗುತ್ತದೆ. ನನ್ನದೂ ಈಗ ಅಲ್ಲೇ ಒಬ್ಬರ ಹತ್ತಿರ ಇದೆ. ವಾಪಸ್ ಬಂದ ಮೇಲೆ ಹೊಸ ಸ್ಪ್ರಿಂಗ್ ಹಾಕಿಸಬೇಕು.