ಅಪ್ಪಯ್ಯನ ಕಾಲಿನ ಹುಣ್ಣಿಗೆ ಯಾವ ಪಟ್ಟಿ?

ಮುಂಬಯಿಯ ಮಾಟುಂಗದ ಹೋಟೆಲ್ಲೊಂದರಲ್ಲಿ ಮೊದಲು ದೋಸೆಕಲ್ಲಿನ ಮುಂದೆ, ಆಮೇಲೆ ಗಲ್ಲಾದ ಹಿಂದೆ ಅಪ್ಪಯ್ಯ ನಲವತ್ತು ವರ್ಷ ನಿಂತವರು. ಉಬ್ಬಿದ ರಕ್ತನಾಳಗಳು ಕೊನೆಗೆ ಎಡ ಹರಡಿನ ಒಳಬದಿಯಲ್ಲಿ ಹುಣ್ಣಾಗಿ, ದಿನವಿಡೀ ರಸಿಕೆ ಸೋರತೊಡಗಿತು. ಡಾಪ್ಲರ್ ಪರೀಕ್ಷೆಯಲ್ಲಿ ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆ ಎಂದು ಖಚಿತವಾದ ಮೇಲೆ ವೈದ್ಯರು ಒತ್ತಿ ಕಟ್ಟುವ ಬ್ಯಾಂಡೇಜು ಹಾಕಿಸಿದರು. ಇಂಥ ಹುಣ್ಣಿಗೆ ನಿಜವಾದ ಮದ್ದು ಆ ಒತ್ತಡವೇ. ಅದರಡಿಯಲ್ಲಿ ಯಾವ ಪಟ್ಟಿ ಇಡುವುದು ಎಂಬ ಪ್ರಶ್ನೆಗೆ ಒಂದು ಮಳೆಗಾಲ ಬೇಕಾಯಿತು.

ಮೊದಲು ಗಾಜ್ ಬಟ್ಟೆ. ಬೆಳಿಗ್ಗೆ ಕಟ್ಟಿದ್ದು ಸಂಜೆಗೆ ನಡುವೆ ನೆನೆದು, ಅಂಚಿನಲ್ಲಿ ಒಣಗಿ ಅಂಟಿರುತ್ತಿತ್ತು. ಸಲೈನ್ ಸುರಿದು ಎಷ್ಟು ಮೆಲ್ಲಗೆ ಬಿಡಿಸಿದರೂ ಹೊಸ ಚರ್ಮ ಅದರೊಂದಿಗೇ ಕಿತ್ತು ಬರುತ್ತಿತ್ತು. ಆಗೆಲ್ಲ ಅಪ್ಪಯ್ಯ ಹಲ್ಲು ಕಚ್ಚಿ, ಸಾಲ ಹೇಳಿ ಹೋದ ಹಳೆಯ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಬೈಯುತ್ತಿದ್ದರು. ಆದರೂ 'ಗಾಯಕ್ಕೆ ಗಾಳಿ ಬೇಕು' ಎಂಬ ಹಟ ಬಿಡಲಿಲ್ಲ. ತೇವ ಉಳಿಸಿದ ಗಾಯದ ಮೇಲೆ ಚರ್ಮ ಬೇಗ ಹಬ್ಬುತ್ತದೆ ಎಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದ. ಹಂದಿಯ ಮಾತು ಎತ್ತಿದ್ದೇ ತಪ್ಪಾಯಿತು.

ಎರಡನೆಯದು ಅಂಟಿಲ್ಲದ ಸಾದಾ ಫೋಮ್, ಅಂದರೆ ಸ್ಪಂಜಿನಂಥ ಪಟ್ಟಿ. ಹೀರುವುದರಲ್ಲಿ ಕೊರತೆಯಿಲ್ಲ. ಅದನ್ನು ಹಿಡಿದಿಡಲು ಹಚ್ಚಿದ ಟೇಪು ಮಾತ್ರ ಮುದಿ ಚರ್ಮವನ್ನು ಸುಲಿದು ಇನ್ನೊಂದು ಗಾಯ ಮಾಡಿತು.

ಸುತ್ತ ಅಂಟಂಚು ಇರುವ ಸಿಲಿಕೋನ್ ಫೋಮ್ ತಂದಾಗಲೇ ವ್ಯತ್ಯಾಸ ಕಂಡದ್ದು. ಸಿಲಿಕೋನ್ ಒಣ ಚರ್ಮಕ್ಕೆ ಹಗುರವಾಗಿ ಅಂಟುತ್ತದೆ, ಒದ್ದೆ ಹುಣ್ಣನ್ನು ಹಿಡಿಯುವುದಿಲ್ಲ. ಮೂಲೆ ಎತ್ತಿ ಇಣುಕಿ ಮತ್ತೆ ಕೂರಿಸಬಹುದು. ಮೊದಲ ಸಲ ಬಿಡಿಸಿದಾಗ ಒಬ್ಬ ಗಿರಾಕಿಯ ಹೆಸರೂ ಕೇಳಲಿಲ್ಲ. ಏಳು ದಿನದವರೆಗೆ ಇಡಬಹುದೆಂಬುದು ಹೆಚ್ಚು ಸೋರದ ಗಾಯದ ಮಾತು. ಕಲೆ ಫೋಮಿನ ಅಂಚಿನತ್ತ ಹರಿದರೆ ಬದಲಿಸಲೇಬೇಕು. ನಮ್ಮಲ್ಲಿ ಮೂರನೆಯ ದಿನಕ್ಕೇ ಆ ಹಂತ. ತಡಮಾಡಿದ ಒಂದು ಸಲ ಸುತ್ತಲಿನ ಚರ್ಮ ಬೆಳ್ಳಗೆ ನೆನೆದು ಮೆತ್ತಗಾಗಿತ್ತು. ಅಂಚು ಪದೇ ಪದೇ ಏಳುತ್ತಿದ್ದುದಕ್ಕೆ ಎರಡು ವಾರ ತಯಾರಕರನ್ನು ಶಪಿಸಿದೆ. ಅಪ್ಪಯ್ಯ ಗುಟ್ಟಾಗಿ ಕಾಲಿಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದರು! ಎಣ್ಣೆಯ ಮೇಲೆ ಸಿಲಿಕೋನ್ ನಿಲ್ಲುವುದಿಲ್ಲ. ಎಣ್ಣೆ ನಿಂತ ಮೇಲೂ ಜುಲೈನ ಬೆವರಿಗೆ ಅಂಚು ಸುರುಳಿಗೊಂಡು ಬ್ಯಾಂಡೇಜಿನಡಿ ಒತ್ತುತ್ತಿತ್ತು.

ಪರಿಹಾರ ಹೇಳಿದ್ದು ಮನೆಗೆ ಬರುವ ನರ್ಸ್: ಮೇಲೆ ಹೇಗೂ ಬ್ಯಾಂಡೇಜು ಬಿಗಿದಿರುವಾಗ ಅಂಟಂಚು ಯಾಕೆ? ಅಂಚಿಲ್ಲದ ಸಿಲಿಕೋನ್ ಫೋಮನ್ನು ಹುಣ್ಣಿಗಿಂತ ಸುತ್ತಲೂ ಎರಡು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿದರೆ ಸಾಕು. ಬೆವರಿನ ಕಾಟ ಹೋಯಿತು, ಕತ್ತರಿಸಿದ್ದರಿಂದ ಒಂದು ತುಂಡು ಎರಡು ಸಲಕ್ಕೆ ಬಂತು. ಬಹಳ ಸೋರುವಾಗ ಕತ್ತರಿಸಿದ ಬದಿಯಿಂದ ರಸಿಕೆ ಹೊರಬರುವುದುಂಟು, ಆಗ ಇಡೀ ತುಂಡನ್ನೇ ಇಡುತ್ತಿದ್ದೆ. ನನ್ನ ಮತ ಇದಕ್ಕೇ. ರಾತ್ರಿ ಬ್ಯಾಂಡೇಜು ಬಿಚ್ಚುವವರಿಗೆ ಮಾತ್ರ ಇದು ಹಾಸಿಗೆಯಲ್ಲಿ ಕಳಚಿ ಬೀಳುತ್ತದೆ. ಅವರು ಅಂಚಿನದನ್ನೇ ಕೊಳ್ಳಲಿ. ನಡುವೆ ದುರ್ವಾಸನೆ, ಬಿಸಿ, ಹರಡುವ ಕೆಂಪು ಕಂಡರೆ ಪಟ್ಟಿ ಬದಲಿಸುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

ಬೆಲೆ ಕೇಳಿದ ಅಪ್ಪಯ್ಯ ಅದನ್ನು ಇಡ್ಲಿ ಪ್ಲೇಟುಗಳ ಲೆಕ್ಕಕ್ಕೆ ಇಳಿಸಿ, ಗಾಜ್ ಬಟ್ಟೆಯೇ ಅಗ್ಗ ಎಂದರು. ದಿನಕ್ಕೆರಡು ಸಲದ ಬಟ್ಟೆ, ಸಲೈನ್, ಟೇಪು ಕೂಡಿಸಿ ಚೀಟಿ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ತಾಳೆ ನೋಡಿದರು, ಏನೂ ಹೇಳದೆ ಕಾಲು ಚಾಚಿದರು.