ಕೇಪಿನ ಕೋವಿ ರಿಪೇರಿ: ಲಾಕ್ ಕೆಲಸ ಅಚ್ಚುಕಟ್ಟು, ನಿಪ್ಪಲ್ ಮಾತ್ರ ಮರೆತರು

ಕೋವಿಯ ಕುದುರೆ, ಅಂದರೆ ಕೇಪನ್ನು (ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಬಡಿಯುವ ಸುತ್ತಿಗೆ, ಸುರಕ್ಷತೆಗೆಂದು ಅರ್ಧ ಏರಿಸಿಟ್ಟರೂ ಟ್ರಿಗರ್ ಒತ್ತಿದರೆ ಬೀಳುತ್ತದೆ. ಪೂರ್ತಿ ಏರಿಸಿದರೆ ಟ್ರಿಗರ್ ಅಲುಗುವುದೇ ಕಷ್ಟ. ಈ ಎರಡು ದೂರು ಹೊತ್ತ ಒಂಟಿ ನಳಿಗೆಯ ಕೋವಿಗೆ ಕೊಡಗಿನ ಲೈಸೆನ್ಸ್‌ದಾರ ಅಂಗಡಿಯೊಂದು ಮಾಡಿಕೊಟ್ಟ ಕೆಲಸದ ವಿಮರ್ಶೆ ಇದು.

ಮೊದಲು ನಳಿಗೆಗೆ ಗಜ (ಮದ್ದು ಜಡಿಯುವ ಕೋಲು) ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ನಳಿಗೆಯ ಹೊರಮೈಗಿಟ್ಟು ಅಳೆದು, ಒಳಗೆ ಮದ್ದಿಲ್ಲವೆಂದು ಖಚಿತಪಡಿಸಿಕೊಂಡರು. ಇಷ್ಟು ಮಾಡದ ಅಂಗಡಿಗೆ ಕೋವಿ ಕೊಡಲೇಬಾರದು.

ಲಾಕ್, ಅಂದರೆ ಕುದುರೆ ಏರಿಸಿ ಬೀಳಿಸುವ ಯಂತ್ರಭಾಗ, ಬಿಚ್ಚಿದ ರೀತಿಯೂ ಸರಿ. ಅಡ್ಡ ಸ್ಕ್ರೂ ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಗೆ ಮೆಲ್ಲಗೆ ತಟ್ಟಿದರೆ ಲಾಕ್ ತಾನೇ ಹೊರಬರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಮರದ ಅಂಚು ಕಿತ್ತುಹೋಗುತ್ತದೆ.

ನಿಜವಾದ ಪರೀಕ್ಷೆ ಆಮೇಲೆ. ಹೊರಗೆ ಹಿಡಿದು ಕುದುರೆ ಏರಿಸಿ, ಅದನ್ನು ಹೆಬ್ಬೆರಳಲ್ಲಿ ತಡೆದುಕೊಂಡು ಸಿಯರ್ (ಏರಿದ ಕುದುರೆಯನ್ನು ಹಿಡಿದಿಟ್ಟು, ಟ್ರಿಗರ್ ಒತ್ತಿದಾಗ ಬಿಡುವ ಕೊಕ್ಕೆ) ತೋಳು ಒತ್ತಿದರೆ ಸಲೀಸಾಗಿ ಬಿಡುತ್ತಿತ್ತು. ಅಂದರೆ ಗಟ್ಟಿತನ ಲಾಕಿನದಲ್ಲ, ಮರದ್ದು. ತೋಳಿಗೆ ದೀಪದ ಕಾಡಿಗೆ ಸವರಿ, ಲಾಕ್ ಕೂರಿಸಿ, ಒಮ್ಮೆ ಏರಿಳಿಸಿ ತೆಗೆದರೆ ಮರದ ಗುಳಿಯ ಮೇಲಂಚಿನಲ್ಲಿ ಕಪ್ಪು ಚುಕ್ಕೆ. ಮಳೆಗಾಲದಲ್ಲಿ ಉಬ್ಬಿದ ಮರ ತೋಳಿಗೆ ತಾಗುತ್ತಿತ್ತು. ಆ ಚುಕ್ಕೆಯನ್ನಷ್ಟೇ ಉಗುರಿನ ದಪ್ಪ ಕೆತ್ತಿ ಅಗಸೆ ಎಣ್ಣೆ ಹಚ್ಚಿದರು. ಇದು ಗೊತ್ತಿಲ್ಲದವರು ಸಿಯರ್ ಮೂಗನ್ನೇ ಉಜ್ಜಿ ಟ್ರಿಗರ್ ಹಗುರ ಮಾಡುತ್ತಾರೆ. ಮೇಲಿನ ಗಟ್ಟಿ ಪದರ ಸವೆದು, ಕುದುರೆ ಹೇಳದೆ ಕೇಳದೆ ಜಾರತೊಡಗುತ್ತದೆ.

ಅರ್ಧ ಏರಿಕೆಯ ದೋಷ ಟಂಬ್ಲರಿನಲ್ಲಿ, ಅಂದರೆ ಕುದುರೆಯ ಜೊತೆ ತಿರುಗುವ, ಕಚ್ಚುಗಳಿರುವ ಒಳಭಾಗದಲ್ಲಿತ್ತು. ಅಲ್ಲಿನ ಕಚ್ಚಿಗೆ ತುಟಿ ಇರುತ್ತದೆ, ಸಿಯರ್ ಮೂಗು ಅದರೊಳಗೆ ಸಿಕ್ಕಿಕೊಂಡಾಗ ಎಷ್ಟು ಎಳೆದರೂ ಬಿಡಬಾರದು. ಆ ತುಟಿಯೇ ಮುರಿದಿತ್ತು. ಬೆಸುಗೆ ಹಾಕದೆ ಹೊಸ ಟಂಬ್ಲರ್ ಮಾಡಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಒಣಹುಲ್ಲಿನ ಬಣ್ಣ ಬರುವಷ್ಟು ಕಾಯಿಸಿ ಹದ ಮಾಡಿದ್ದಾರೆ. ಹದ ತಪ್ಪಿಸಿದರೆ ಗಾಜಿನಂತೆ ಒಡೆಯುತ್ತದೆ. ಲಾಕ್ ಕೂತ ಮೇಲೆ ಟ್ರಿಗರ್‌ಗೆ ತುಸು ಸಡಿಲವನ್ನೂ ಬಿಟ್ಟಿದ್ದಾರೆ; ಅದಿಲ್ಲದಿದ್ದರೆ ಸಿಯರ್ ಕಚ್ಚಿನ ತಳ ಮುಟ್ಟುವುದಿಲ್ಲ.

ತಕರಾರು ಒಂದೇ. ಪೆಟ್ಟು ತಿಂದು ತುದಿ ಹರಡಿದ ನಿಪ್ಪಲನ್ನು (ಕೇಪು ಕೂರುವ ಪುಟ್ಟ ಕೊಳವೆ) ಹಾಗೇ ಬಿಟ್ಟರು. ಮೊದಲ ಪೆಟ್ಟಿಗೆ ಕೇಪು ಕೆಳಗೆ ಕೂರುತ್ತದಷ್ಟೇ, ಎರಡನೆಯದಕ್ಕೆ ಸಿಡಿಯುತ್ತದೆ. ಸ್ಪ್ರಿಂಗ್ ಸೋತಿದೆ ಎಂದು ಅದನ್ನು ಬದಲಿಸಲು ಹೋಗಬೇಡಿ. ಕೋವಿ ಕೊಡುವಾಗಲೇ ಹೊಸ ಕೇಪೊಂದು ಬುಡದವರೆಗೆ ಕೂರುತ್ತದೆಯೇ ನೋಡಿ, ಕೂರದಿದ್ದರೆ ನಿಪ್ಪಲ್ ಬದಲಿಸಲು ಚೀಟಿಯಲ್ಲೇ ಬರೆಸಿ.

ಚುನಾವಣೆ ವೇಳೆ ಠಾಣೆಯಲ್ಲಿಟ್ಟು ವಾಪಸ್ ಬಂದ ಕೋವಿಗಳಿಗೂ ಇದೇ ತಪಾಸಣೆ ಮಾಡಿಸಿ, ಒಳಗಿನ ತುಕ್ಕು ಹೊರಗೆ ಕಾಣದು. ಊರ ಕುಲುಮೆಗೆ ಮಾತ್ರ ಒಯ್ಯಬೇಡಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕೋವಿ ರಿಪೇರಿ ವ್ಯವಹಾರಕ್ಕೂ ಲೈಸೆನ್ಸ್ ಬೇಕು.