ನಿಂತಲ್ಲಿ ಆಫ್ ಆಗುವ ಹಳೆಯ ಕಾರು: ಎಂಜಿನ್ ಬಿಚ್ಚಿಸುವ ಮೊದಲು ಪೈಪುಗಳನ್ನು ನೋಡಿಸಿ

ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹಳೆಯ ಪೆಟ್ರೋಲ್ ಕಾರನ್ನು ಇನ್ನೂ ಓಡಿಸುತ್ತಿರುವವರು ದಯವಿಟ್ಟು ಇದನ್ನು ಓದಬೇಕು. ನಮ್ಮ ತಂದೆಯವರು 1997ರಲ್ಲಿ ಕೊಂಡ ಮಾರುತಿ 800 ಶಿವಮೊಗ್ಗದ ನಮ್ಮ ಮನೆಯಲ್ಲಿ ಇಂದಿಗೂ ಇದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೊಂದು ತೊಂದರೆ ಶುರುವಾಯಿತು. ಬೆಳಿಗ್ಗೆ ಚೋಕ್ (ತಣ್ಣಗಿನ ಎಂಜಿನ್ನಿಗೆ ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ) ಎಳೆದು ಸ್ಟಾರ್ಟ್ ಮಾಡಿದರೆ ಎಂಜಿನ್ ಸರಿಯಾಗಿಯೇ ಓಡುತ್ತಿತ್ತು. ಬಿಸಿಯಾಗಿ ಚೋಕ್ ಒಳಗೆ ತಳ್ಳಿದ ಮೇಲೆ ಮಾತ್ರ, ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಎರಡು ಸಲ ನಡುಗಿ ಆಫ್ ಆಗುತ್ತಿತ್ತು. ರಸ್ತೆಯಲ್ಲಿ ಓಡುವಾಗ ಯಾವ ದೋಷವೂ ಕಾಣುತ್ತಿರಲಿಲ್ಲ, ಏರಿನಲ್ಲೂ ಎಳೆತ ಕಡಿಮೆಯಾಗಿರಲಿಲ್ಲ.

ನಾನು ಮೊದಲು ಹೋದ ಗ್ಯಾರೇಜಿನವರು ಈ ಯಾವುದನ್ನೂ ಕೇಳಲಿಲ್ಲ. ಬಾನೆಟ್ ಎತ್ತಿ ನೋಡಿದ ಎರಡೇ ನಿಮಿಷದಲ್ಲಿ ಮೂರು ಸ್ಪಾರ್ಕ್ ಪ್ಲಗ್, ಪ್ಲಗ್ ವೈರುಗಳು ಮತ್ತು ಕಾರ್ಬ್ಯುರೇಟರ್ ಕಿಟ್ ಬದಲಿಸಬೇಕೆಂದರು. ಬದಲಿಸಿದರೂ ಗುಣವಾಗದಿದ್ದಾಗ ಪೆಟ್ರೋಲ್ ಪಂಪ್ ಹೋಗಿದೆ ಎಂದರು, ಅದೂ ಹೊಸದಾಯಿತು. ಮೂರನೆಯ ಸಲ ಕಾರ್ಬ್ಯುರೇಟರೇ ಸವೆದಿದೆ ಎಂದು ಹೇಳಿ, ಕಾರಿನೊಂದಿಗೆ ಬಂದಿದ್ದ ಮೂಲ ಕಾರ್ಬ್ಯುರೇಟರನ್ನು ಬದಲಿಗೆ ಪಡೆದು ಬೇರೊಂದನ್ನು ಕೂರಿಸಿದರು. ಅಷ್ಟರಲ್ಲಿ ಹದಿನಾಲ್ಕು ಸಾವಿರದ ಮೇಲೆ ಖರ್ಚಾಗಿತ್ತು. ಕೊನೆಗೆ ಅವರು ಮಾಡಿದ್ದು ಎಲ್ಲಕ್ಕಿಂತ ಕೆಟ್ಟ ಕೆಲಸ: ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ) ಸ್ಕ್ರೂ ತಿರುಗಿಸಿ ರೇಸ್ ಏರಿಸಿ, ದೋಷವನ್ನು ಹಾಗೆಯೇ ಒಳಗಿಟ್ಟುಕೊಂಡ ಗಾಡಿಯನ್ನು ಸರಿಯಾಗಿದೆ ಎಂದು ನನ್ನ ಕೈಗೆ ಕೊಟ್ಟರು.

ನಾನು ನಂಬಿದೆ. ಹತ್ತು ದಿನಗಳ ನಂತರ ಅಮ್ಮನನ್ನು ಕೂರಿಸಿಕೊಂಡು ಉಡುಪಿಗೆ ಹೊರಟಾಗ, ಆಗುಂಬೆ ಘಾಟಿಯ ಒಂದು ತಿರುವಿನಲ್ಲಿ ಗೇರ್ ಇಳಿಸಲೆಂದು ಕ್ಲಚ್ ಒತ್ತಿದ ಕ್ಷಣದಲ್ಲೇ ಎಂಜಿನ್ ನಿಂತಿತು. ಹಿಂದಿನಿಂದ ಬಸ್ಸು ಇಳಿಯುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದು, ಚೋಕ್ ಎಳೆದು, ಮೂರನೆಯ ಪ್ರಯತ್ನಕ್ಕೆ ಸ್ಟಾರ್ಟ್ ಆಗುವವರೆಗೆ ಅಮ್ಮ ಬಾಗಿಲ ಹಿಡಿಯನ್ನು ಬಿಡಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ನಿಂತಲ್ಲಿ ಆಫ್ ಆಗುವುದನ್ನು ಊರೊಳಗಿನ ಸಣ್ಣ ಕಿರಿಕಿರಿ ಎಂದುಕೊಂಡವರು ಇದನ್ನು ನೆನಪಿಟ್ಟುಕೊಳ್ಳಬೇಕು. ಎಂಜಿನ್ನಿನ ಎಳೆತದ ನೆರವಿನಿಂದ ಪೆಡಲ್ ಹಗುರಾಗಿಸುವ ಬೂಸ್ಟರ್ ಬ್ರೇಕ್ ಇರುವ ಗಾಡಿಯಾದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಹಿಂದಿರುಗಿದ ಮೇಲೆ ಅದೇ ಗ್ಯಾರೇಜಿನವರು, ಇನ್ನು ಹೆಡ್ ಇಳಿಸಿ ಎಂಜಿನ್ ಕೆಲಸ ಮಾಡಿಸದೆ ದಾರಿಯಿಲ್ಲ ಎಂದರು. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದ್ದೀರಾ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಹೊಗೆಯಿಲ್ಲ, ಆಯಿಲ್ ಇಳಿಯುತ್ತಿಲ್ಲ, ಘಾಟಿಯನ್ನು ಚೆನ್ನಾಗಿಯೇ ಹತ್ತಿ ಬಂದಿದೆ; ಅಂಥ ಎಂಜಿನ್ನನ್ನು ಏಕೆ ಬಿಚ್ಚಬೇಕು ಎಂದು ನನಗೆ ಅಂದೇ ಅನುಮಾನ ಬಂತು.

ಭದ್ರಾವತಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಚೋಕ್ ಎಳೆದರೆ ನಿಲ್ಲದೆ ಓಡುತ್ತದೆಯೇ?" ಹೌದು ಎಂದೆ. "ಹಾಗಾದರೆ ಎಲ್ಲೋ ಕಳ್ಳಗಾಳಿ ಎಳೆಯುತ್ತಿದೆ, ಇಲ್ಲವೇ ಐಡಲ್ ಹೊತ್ತಿಗೆ ಪೆಟ್ರೋಲ್ ಬಿಡುವ ಸಣ್ಣ ರಂಧ್ರ, ಸ್ಲೋ ಜೆಟ್, ಕಟ್ಟಿಕೊಂಡಿದೆ" ಎಂದರು. ಅವರ ವಿವರಣೆ ಹೀಗಿತ್ತು. ಐಡಲ್‌ನಲ್ಲಿ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಬಹುತೇಕ ಮುಚ್ಚಿರುವುದರಿಂದ ಎಂಜಿನ್ ಎಳೆದುಕೊಳ್ಳುವ ಗಾಳಿ ಬಹಳ ಕಡಿಮೆ, ಕಾರ್ಬ್ಯುರೇಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯಾದ ಮ್ಯಾನಿಫೋಲ್ಡ್ ಒಳಗಿನ ಎಳೆತ ಮಾತ್ರ ಬಹಳ ಹೆಚ್ಚು; ಆಗ ಕಾರ್ಬ್ಯುರೇಟರಿಗೆ ಗೊತ್ತಿಲ್ಲದ ದಾರಿಯಿಂದ ಸ್ವಲ್ಪ ಗಾಳಿ ನುಗ್ಗಿದರೂ ಪೆಟ್ರೋಲಿನ ಪಾಲು ಸಾಲದಾಗಿ ಎಂಜಿನ್ ನಿಲ್ಲುತ್ತದೆ. ಥ್ರಾಟಲ್ ತೆರೆದು ಓಡುವಾಗ ಒಟ್ಟು ಗಾಳಿಯೇ ಅಷ್ಟೊಂದು ಇರುವುದರಿಂದ ಆ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ. ಚೋಕ್ ಪೆಟ್ರೋಲನ್ನು ಹೆಚ್ಚಿಸಿ ಆ ಕೊರತೆಯನ್ನು ತುಂಬುತ್ತದೆ.

ಅವರು ಮ್ಯಾನಿಫೋಲ್ಡಿಗೆ ಆ ಎಳೆತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಜೋಡಿಸಿದರು. ಸಮುದ್ರಮಟ್ಟದಲ್ಲಿ ಒಳ್ಳೆಯ ಎಂಜಿನ್ ಐಡಲ್‌ನಲ್ಲಿ ಪಾದರಸದ ಅಳತೆಯಲ್ಲಿ ಸುಮಾರು 17ರಿಂದ 21 ಇಂಚು ತೋರಿಸಬೇಕು, ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. ನಮ್ಮದು 12ರ ಹತ್ತಿರ ಅಲುಗಾಡದೆ ನಿಂತಿತ್ತು. ಆಮೇಲೆ ಒಂದೊಂದೇ ರಬ್ಬರ್ ಪೈಪನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಮೆತ್ತಗೆ ಅಮುಕುತ್ತಾ ಬಂದರು. ಎಂಜಿನ್ ಒಳಗೆ ಸೇರುವ ಹೊಗೆಯನ್ನು ಮರಳಿ ಎಳೆಯಲು ಬಿಡುವ ಪಿಸಿವಿ ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಪೈಪನ್ನು ಅಮುಕಿದ ಕೂಡಲೇ ಎಂಜಿನ್ನಿನ ನಡುಕ ನಿಂತು ಗೇಜಿನ ಮುಳ್ಳು ಮೇಲೇರಿತು. ಪೈಪನ್ನು ಕಳಚಿ ಕೊಟ್ಟರು. ಮೇಲಿನಿಂದ ನೋಡಿದರೆ ಕಪ್ಪಗೆ ಚೆನ್ನಾಗಿಯೇ ಇತ್ತು. ತಿರುಗಿಸಿ ಹೆಬ್ಬೆರಳಿನಿಂದ ಬಗ್ಗಿಸಿದಾಗ, ಆಯಿಲ್ ಕುಡಿದು ಉಬ್ಬಿ ಮೆತ್ತಗಾದ ತಳಭಾಗದಲ್ಲಿ ಉಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯಿತು. ಕೈ ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಹೊಸ ಪೈಪಿಗೆ ಆದದ್ದು ನೂರು ರೂಪಾಯಿಯೊಳಗೆ. ಅದನ್ನು ಹಾಕಿ, ಏರಿಸಿದ್ದ ಐಡಲ್ ಇಳಿಸಿದ ಮೇಲೆ ಗಾಡಿ ಇಂದಿನವರೆಗೆ ಒಮ್ಮೆಯೂ ನಿಂತಿಲ್ಲ.

ಆದ್ದರಿಂದ ನಿಮ್ಮ ಗಾಡಿಗೆ ಇದೇ ಲಕ್ಷಣವಿದ್ದರೆ, ಪೈಪುಗಳನ್ನು, ಕಾರ್ಬ್ಯುರೇಟರ್ ಕೆಳಗಿನ ಪ್ಯಾಕಿಂಗನ್ನು, ಸ್ಲೋ ಜೆಟ್ಟನ್ನು ನೋಡಿಸುವವರೆಗೆ ಯಾವ ದೊಡ್ಡ ಭಾಗವನ್ನೂ ಬದಲಿಸಲು ಒಪ್ಪಬೇಡಿ. ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಅಥವಾ ಕ್ಲೀನರ್ ಸಿಂಪಡಿಸಲು ಬಿಡಬೇಡಿ, ಬೆಂಕಿ ಹತ್ತಬಹುದು. ಅಂಗಡಿಯಲ್ಲಿ ಸಿಗುವ ತೆಳ್ಳಗಿನ ಪ್ಲಾಸ್ಟಿಕ್ ಪೈಪನ್ನು ಆ ಜಾಗಕ್ಕೆ ಹಾಕಿಸಬೇಡಿ. ಬಿಸಿಗೆ ಮೆತ್ತಗಾಗಿ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಕಳಚಿದ ಹಳೆಯ ಭಾಗಗಳನ್ನು ಕೇಳಿ ಮನೆಗೆ ತನ್ನಿ. ನಮ್ಮ ಮೂಲ ಕಾರ್ಬ್ಯುರೇಟರನ್ನು ಮರಳಿ ಕೇಳಲು ಹೋದಾಗ ಅದು ಆಗಲೇ ಗುಜರಿಗೆ ಹೋಗಿತ್ತು. ಈಗಿರುವುದರಲ್ಲಿ ಲೀಟರಿಗೆ ಮೊದಲಿಗಿಂತ ಮೂರು ಕಿಲೋಮೀಟರ್ ಕಡಿಮೆ ಬರುತ್ತಿದೆ.